ಕುಮಟಾ ಹತ್ತಿ, ಗೇರುಸೊಪ್ಪ ಫಾಲ್ಸ್, ಮೈಸೂರು ಜೇಡ

ಕುಮಟಾದಲ್ಲಿ ಯಾರೂ ಹತ್ತಿ ಬೆಳೆಯುವುದಿಲ್ಲ. ಗದ್ದೆ, ತೆಂಗು, ಅಡಿಕೆ, ಮೀನು, ಉಪ್ಪು ಇರುವ ಊರು ಅದು. ಆದರೆ 19ನೇ ಶತಮಾನದಲ್ಲಿ ಮುಂಬೈ ಮತ್ತು ಲಿವರ್‌ಪೂಲಿನ ಹತ್ತಿ ಪೇಟೆಗಳಲ್ಲಿ ‘ಕೂಂಪ್ಟಾ’ ಅನ್ನುವ ಹೆಸರಿನ ಮಾಲು ಮಾರಾಟವಾಗ್ತಿತ್ತು. ಕೂಂಪ್ಟಾ ಅಂದರೆ ನಮ್ಮ ಕುಮಟಾನೇ, ಇಂಗ್ಲಿಷರ ನಾಲಿಗೆ ತಿರುಗಿದ್ದು ಹಾಗೆ. ಹತ್ತಿ ಬೆಳೆದದ್ದು ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಭೂಮಿಯಲ್ಲಿ. ಅಲ್ಲಿಂದ ಹೇರೆತ್ತಿನ ಮೇಲೆ, ಆಮೇಲೆ ಗಾಡಿಗಳಲ್ಲಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರ್ತಿತ್ತು. ಬಂದರಿನಿಂದ ಹಡಗು ಹತ್ತಿ ಮುಂಬೈಗೆ. ಮುಂಬೈ ವ್ಯಾಪಾರಿಗೆ ಕಂಡದ್ದು ಹಡಗು ಹೊರಟ ಊರು ಮಾತ್ರ. ಹಾಗಾಗಿ ಧಾರವಾಡದ ರೈತನ ಬೆಳೆಗೆ ಕುಮಟಾದ ಹೆಸರು ಬಿತ್ತು.

ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 65ರವರೆಗೆ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಮಾಲಿಗೆ ಚಿನ್ನದ ಬೆಲೆ ಬಂತು. ಬೆಲೆ ಬಂದ ಕೂಡಲೇ ಮೋಸವೂ ಬಂತು. ಒಳ್ಳೆಯ ಹತ್ತಿಗೆ ಕೀಳು ಹತ್ತಿ ಬೆರೆಸೋದು, ಒಂದು ಊರಿನ ಮಾಲಿಗೆ ಇನ್ನೊಂದು ಊರಿನ ಹೆಸರು ಹಚ್ಚೋದು. ಎಷ್ಟರಮಟ್ಟಿಗೆ ಅಂದ್ರೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆಯೋದಕ್ಕೆ ಅಂತಲೇ ಒಂದು ಕಾಯ್ದೆ ಮಾಡಬೇಕಾಯಿತು. ಆಮೇಲೆ ಹುಬ್ಬಳ್ಳಿ ಕಡೆಯಿಂದ ಗೋವಾದ ಮರ್ಮಗೋವಾಕ್ಕೆ ರೈಲು ಬಂತು, ಕುಮಟಾ ಬಂದರಿನ ವ್ಯಾಪಾರ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ಕೃಷಿ ವಿಜ್ಞಾನದ ಹಳೆಯ ಪುಸ್ತಕಗಳಲ್ಲಿ ಈಗಲೂ ‘ಕುಂಪ್ಟಾ’ ಅಂದರೆ ಧಾರವಾಡದ ನಾಟಿ ಹತ್ತಿ.

ಈ ಕರಾವಳಿಯಲ್ಲಿ ಇಂಥದ್ದು ಇದೊಂದೇ ಅಲ್ಲ. ಜೋಗವನ್ನು ಬ್ರಿಟಿಷರು ‘ಗೇರುಸೊಪ್ಪ ಫಾಲ್ಸ್’ ಅಂತ ಕರೆದರು. ಗೇರುಸೊಪ್ಪ ಇರೋದು ಘಟ್ಟದ ಕೆಳಗೆ, ಹೊನ್ನಾವರ ತಾಲೂಕಿನಲ್ಲಿ. ಜಲಪಾತ ಇರೋದು ಘಟ್ಟದ ಮೇಲೆ. ಸಮುದ್ರದ ಕಡೆಯಿಂದ ಬಂದವರಿಗೆ ಮೊದಲು ಸಿಕ್ಕ ದೊಡ್ಡ ಹೆಸರು ಗೇರುಸೊಪ್ಪ, ಅಷ್ಟೇ. ಭಟ್ಕಳದಲ್ಲಿ ಇಳಿದು ವಿಜಯನಗರಕ್ಕೆ ಹೋದ ಕುದುರೆಗಳೂ ಭಟ್ಕಳದವಲ್ಲ, ಅರಬ್ ನಾಡು ಮತ್ತು ಪರ್ಷಿಯಾದವು. ಬಂದರು ಊರುಗಳ ಹಣೆಬರಹವೇ ಹಾಗೆ. ಎಲ್ಲಿಂದಲೋ ಬಂದದ್ದು ಅವುಗಳ ಹೆಸರು ಹೊತ್ತು ಎಲ್ಲಿಗೋ ಹೋಗ್ತದೆ.

ಇಷ್ಟೆಲ್ಲ ನೆನಪಾದದ್ದು ಒಂದು ಜೇಡದ ದೆಸೆಯಿಂದ.

ಹೊನ್ನಾವರ ಕಡೆಯ ಗೆಳೆಯನೊಬ್ಬ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ರೂಮ್‌ಮೇಟ್ ಆನ್‌ಸೈಟ್ ಅಂತ ಹೊರದೇಶಕ್ಕೆ ಹೋಗುವಾಗ ಎರಡು ಬೀನ್ ಬ್ಯಾಗ್, ಒಂದು ಇಂಡಕ್ಷನ್ ಒಲೆ, ಮತ್ತು ಪಾರದರ್ಶಕ ಡಬ್ಬಿಯಲ್ಲಿ ಅಂಗೈಯಗಲದ ಒಂದು ಟರಾಂಟುಲಾ ಬಿಟ್ಟುಹೋದ. ಡಬ್ಬಿಯ ಮೇಲೆ ‘ಮೈಸೂರ್ ಆರ್ನಮೆಂಟಲ್’ ಅಂತ ಚೀಟಿ. “ಇದು ಎಂತ ಜಾತಿ ನೋಡಿ ಹೇಳು ಮಾರಾಯಾ. ಮೈಸೂರಿಂದು ಅಂತ ಬರ್ದಿದೆ. ನಮ್ಮ ಬದಿ ಕಾಡಲ್ಲೂ ಇರ್ತದಾ ಇದು? ಇರೋದಾದ್ರೆ ಊರಿಗೆ ಹೋದಾಗ ಬಿಟ್ಟು ಬರ್ತೆ” ಅಂತ ಮೆಸೇಜು. ಜೊತೆಗೆ ಏಳೆಂಟು ಫೋಟೊ.

ಫೋಟೊಕ್ಕೆ ಬರುವ ಮುಂಚೆ ಹೆಸರಿನ ವಿಷಯ ಮುಗಿಸಿಬಿಡೋಣ. ‘ಟರಾಂಟುಲಾ’ ಅನ್ನೋದೇ ಒಂದು ತಪ್ಪು ಚೀಟಿ. ದಕ್ಷಿಣ ಇಟಲಿಯಲ್ಲಿ ಟರಾಂಟೊ ಅಂತ ಒಂದು ಊರಿದೆ, ಅದೂ ಕುಮಟಾದ ಹಾಗೆ ಬಂದರು. ಅಲ್ಲಿನ ಹೊಲಗಳಲ್ಲಿದ್ದ ಒಂದು ಜೇಡ ಕಚ್ಚಿದರೆ ಹುಚ್ಚು ಹಿಡಿಯುತ್ತದೆ, ಕುಣಿದು ಕುಣಿದು ಬೆವರಿದರೆ ಮಾತ್ರ ವಿಷ ಇಳಿಯುತ್ತದೆ ಅಂತ ಜನ ನಂಬಿದ್ದರು. ‘ಟರಾಂಟೆಲ್ಲಾ’ ಕುಣಿತಕ್ಕೂ ಅದೇ ಊರಿನ ಹೆಸರು. ಆದರೆ ಆ ಜೇಡ ಇಂದಿನ ಲೆಕ್ಕದಲ್ಲಿ ತೋಳಜೇಡಗಳ ಕುಟುಂಬದ್ದು. ಅಮೆರಿಕ ಖಂಡಕ್ಕೆ ಹೋದ ಯುರೋಪಿಯನ್ನರು ಅಲ್ಲಿ ದೊಡ್ಡ, ರೋಮದ ಜೇಡಗಳನ್ನು ಕಂಡಾಗ ಊರಲ್ಲಿ ಕೇಳಿದ್ದ ಅತಿ ಭಯಂಕರ ಹೆಸರನ್ನೇ ಅವಕ್ಕೂ ಇಟ್ಟರು. ಈಗ ಪ್ರಪಂಚವೆಲ್ಲ ಟರಾಂಟುಲಾ ಅಂದರೆ ಈ ಎರಡನೆಯ ಗುಂಪು, ಥೆರಾಫೋಸಿಡೆ ಕುಟುಂಬ. ಟರಾಂಟೊದ ಮೂಲ ಜೇಡಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಮಾತ್ರ.

ನಮ್ಮ ದೇಶದ ಟರಾಂಟುಲಾಗಳಿಗೆ ಶಾಸ್ತ್ರೀಯವಾಗಿ ಹೆಸರಿಡುವ ಕೆಲಸ ಬಹಳ ಮಟ್ಟಿಗೆ ಒಬ್ಬನೇ ಮಾಡಿದ್ದು. ರೆಜಿನಾಲ್ಡ್ ಇನ್ನೆಸ್ ಪೊಕಾಕ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಜೇಡ, ಚೇಳುಗಳ ವಿಭಾಗದಲ್ಲಿದ್ದವನು. ಭಾರತದಿಂದ ಅರಣ್ಯಾಧಿಕಾರಿಗಳು, ಕಸ್ಟಮ್ಸ್‌ನವರು, ಡಾಕ್ಟರುಗಳು ಕಳಿಸಿದ ಮಾದರಿಗಳನ್ನು ಇಟ್ಟುಕೊಂಡು 1890ರ ದಶಕದಲ್ಲಿ ಒಂದರ ಹಿಂದೊಂದು ಪ್ರಭೇದ ವಿವರಿಸಿದ. 1900ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲಿಕೆಯಲ್ಲಿ ಅವನ ಸಂಪುಟ ಬಂತು. ಭಾರತದ ಜೇಡ ನೋಡುವವರು ಇವತ್ತಿಗೂ ಅದನ್ನು ಬಿಚ್ಚದೆ ಮುಂದೆ ಹೋಗೋ ಹಾಗಿಲ್ಲ.

ಅದೇ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಗ್ತಿತ್ತು ಅನ್ನೋದು ಸ್ವಾರಸ್ಯದ ಕತೆ. ಕಾರವಾರದಲ್ಲಿ ಮೂವರು ಸೇರಿದ್ದರು. ಕಲೆಕ್ಟರ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. ‘ಈಹಾ’ ಅನ್ನುವ ಹೆಸರಲ್ಲಿ ತಮಾಷೆಯಾಗಿ ನಿಸರ್ಗದ ಬಗ್ಗೆ ಬರೆಯುತ್ತಿದ್ದ ಐಟ್ಕನ್, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಈ ಮೂವರೂ ಕಚೇರಿ ಕೆಲಸ ಮುಗಿಸಿ ಕಂಬಳಿಹುಳ ಸಾಕುತ್ತಿದ್ದರು. ಯಾವ ಹುಳ ಯಾವ ಎಲೆ ತಿಂದು ಯಾವ ಚಿಟ್ಟೆಯಾಗುತ್ತದೆ ಅಂತ ಬರೆದಿಟ್ಟುಕೊಂಡು ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ದೊಡ್ಡ ಲೇಖನಮಾಲೆಯನ್ನೇ ಪ್ರಕಟಿಸಿದರು. ಬೆಲ್ ಅಂತೂ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು, 1948ರಲ್ಲಿ ತೀರಿಕೊಂಡ. ಹೀಗೆ ದೇಶದಲ್ಲೇ ಹೆಚ್ಚು ಜಾಗ್ರತೆಯಿಂದ ನೋಡಿದ ಜಿಲ್ಲೆಗಳಲ್ಲಿ ನಮ್ಮದೂ ಒಂದಾಯಿತು. ಕಾರವಾರ ಅನ್ನುವ ಹೆಸರು ಲಂಡನ್ನಿನ ಮ್ಯೂಸಿಯಂ ಬಾಟಲಿಗಳ ಮೇಲೆ ಹೋಗಿ ಕೂತಿತು.

ಅಂಥ ಒಂದು ಬಾಟಲಿಯ ಜೇಡಕ್ಕೆ ಪೊಕಾಕ್ 1899ರಲ್ಲಿ ‘ಥ್ರಿಗ್ಮೋಪಿಯಸ್ ಟ್ರುಕುಲೆಂಟಸ್’ ಅಂತ ಹೆಸರಿಟ್ಟ. ಟ್ರುಕುಲೆಂಟಸ್ ಅಂದರೆ ಲ್ಯಾಟಿನ್ನಿನಲ್ಲಿ ಸಿಡುಕ, ಉಗ್ರ ಅಂತ. ಮಣ್ಣಲ್ಲಿ ಆಳದ ಬಿಲ ತೋಡಿ ಕೂರುವ ದಪ್ಪ ಕಂದು ಜೇಡ. ಆಮೇಲೆ? ನೂರು ವರ್ಷಕ್ಕೂ ಮೇಲೆ ಅದನ್ನು ಯಾರೂ ಮತ್ತೆ ಸರಿಯಾಗಿ ವಿವರಿಸಲಿಲ್ಲ. 2009ರಲ್ಲಿ ಮಂಜು ಸಿಲಿವಾಲ್ ಮತ್ತು ಸಂಜಯ್ ಮೋಲೂರ್ ಇದನ್ನು ಪುನಃ ಅಳೆದು, ವಿವರಿಸಿ, ಎಲ್ಲೆಲ್ಲಿದೆ ಅಂತ ಬರೆದರು. ಪಶ್ಚಿಮ ಘಟ್ಟಕ್ಕೆ ಮಾತ್ರ ಸೀಮಿತವಾದ ಇದರ ಇಂಗ್ಲಿಷ್ ಹೆಸರಿನಲ್ಲೂ ಕಾರವಾರ ಇದೆ. ಅದಕ್ಕೆ ಮಾತ್ರ ತಕರಾರಿಲ್ಲ. ಬಾಟಲಿಯ ಮೇಲೆ ಬರೆದ ಊರು ಸರಿ ಇತ್ತು, ಅದಕ್ಕೇ ಶತಮಾನದ ನಂತರ ಹುಡುಕಲಿಕ್ಕೆ ಒಂದು ದಿಕ್ಕು ಸಿಕ್ಕಿತು.

ಊರು ಸರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಗುತ್ತಿಯ ಕತೆ ಕೇಳಬೇಕು. ಬಳ್ಳಾರಿಯಿಂದ ಆಚೆ, ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಗುತ್ತಿ ಅಂತ ಹಳೆಯ ರೈಲ್ವೆ ಊರು. ಅಲ್ಲಿ ರೈಲ್ವೆಯ ಸೌದೆ ರಾಶಿಯಲ್ಲಿ ಒಂದು ಜೇಡ ಸಿಕ್ಕಿತ್ತು. ಮೈಯೆಲ್ಲ ನೀಲಿ. ಅದೇ 1899ರಲ್ಲಿ ಪೊಕಾಕ್ ಅದಕ್ಕೆ ‘ಪೊಯಿಸಿಲೋಥೀರಿಯಾ ಮೆಟಾಲಿಕಾ’ ಅಂದ. ಸಿಕ್ಕಿದ್ದು ಒಂದೇ ಒಂದು ಜೇಡ. ಗುತ್ತಿಯ ಸುತ್ತಮುತ್ತ ಅದು ಮತ್ತೆ ಯಾರಿಗೂ ಕಾಣಲಿಲ್ಲ. ಕೊನೆಗೆ 2001ರಲ್ಲಿ, 102 ವರ್ಷದ ನಂತರ, ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಪತ್ತೆಯಾಯಿತು. ಆ ಕಾಡಿನ ಮರ ರೈಲು ಹತ್ತಿದಾಗ ಪೊಟರೆಯಲ್ಲಿದ್ದ ಜೇಡವೂ ಹತ್ತಿ, ಗುತ್ತಿಯಲ್ಲಿ ಇಳಿದಿರಬೇಕು ಅನ್ನೋದು ತಜ್ಞರ ಅಂದಾಜು. ಧಾರವಾಡದ ಹತ್ತಿ ಕುಮಟಾದ್ದಾದ ಹಾಗೇ, ನಂದ್ಯಾಲದ ಜೇಡ ಗುತ್ತಿಯದ್ದಾಯಿತು. ಇವತ್ತಿಗೂ ಜಗತ್ತಿನ ಪೆಟ್ ಮಾರ್ಕೆಟ್ಟಿನಲ್ಲಿ ಅದರ ಹೆಸರು ‘ಗೂಟಿ ಸಫೈರ್’. ಗುತ್ತಿಯ ಜನರಿಗೆ ಇದು ಗೊತ್ತಿದೆಯೋ ಇಲ್ಲವೋ!

ಈ ಕತೆಗೆ ಇನ್ನೊಂದು ತುದಿ ಇದೆ, ಅದು ಅಷ್ಟು ತಮಾಷೆಯದಲ್ಲ. ತಪ್ಪು ಊರಿನ ಹೆಸರು ಇದ್ದ ನೂರು ವರ್ಷ ಆ ಜೇಡ ತನ್ನ ಪಾಡಿಗೆ ಇತ್ತು. ಸರಿಯಾದ ಜಾಗ ಗೊತ್ತಾದ ಕೆಲವೇ ವರ್ಷಗಳಲ್ಲಿ ಯುರೋಪ್, ಅಮೆರಿಕದ ಸಾಕಾಣಿಕೆಯವರ ಡಬ್ಬಿ ಸೇರಿತು. ಉಳಿದಿರೋದು 100 ಚದರ ಕಿಲೋಮೀಟರಿಗಿಂತ ಕಡಿಮೆ ಜಾಗದಲ್ಲಿ, ಅದೂ ಸೌದೆಗೆ ಮರ ಕಡಿಯುವ ಕಾಡು. 2008ರಿಂದ ಅದು ಅಳಿವಿನ ಅತಿ ಹತ್ತಿರದ ಪಟ್ಟಿಯಲ್ಲಿದೆ. ವಿಜ್ಞಾನಕ್ಕೆ ಊರಿನ ಹೆಸರು ಬೇಕೇ ಬೇಕು. ಕಳ್ಳನಿಗೂ ಬೇಕಾದ್ದು ಅದೇ.

ಈಗ ಗೆಳೆಯನ ಡಬ್ಬಿಗೆ ಬರೋಣ.

‘ಮೈಸೂರ್ ಆರ್ನಮೆಂಟಲ್’ ಅಂದರೆ ಪೊಯಿಸಿಲೋಥೀರಿಯಾ ಸ್ಟ್ರಯಾಟಾ. ಇದೂ ಪೊಕಾಕನದೇ, 1895ರದ್ದು. ಫೋಟೊ ನೋಡಿದ ಕೂಡಲೇ ಅರ್ಧ ಚೀಟಿ ಸರಿ ಅಂತ ಗೊತ್ತಾಯಿತು. ಚಪ್ಪಟೆಯಾಗಿ ಹರಡಿದ ಉದ್ದ ಕಾಲು, ಹೊಟ್ಟೆಯ ಮೇಲೆ ಎಲೆಯಂಥ ಚಿತ್ತಾರ. ನೆಲದಲ್ಲಿ ಬಿಲ ತೋಡುವ ಜಾತಿಯಾಗಿದ್ದರೆ ಮೈ ಗಿಡ್ಡ, ಕಾಲು ದಪ್ಪ, ಬಣ್ಣ ಹೆಚ್ಚುಕಡಿಮೆ ಒಂದೇ ಕಂದು ಇರ್ತಿತ್ತು. ಇದು ಮರದ ಪೊಟರೆಯಲ್ಲಿ ಬದುಕುವ ಪೊಯಿಸಿಲೋಥೀರಿಯಾ ಹೌದು. ಆದರೆ ಯಾವುದು? ಈ ಗುಂಪಿನಲ್ಲಿ ಬೆನ್ನು ನೋಡಿ ಜಾತಿ ಹೇಳೋದು, ಹಿಂದಿನಿಂದ ಹೆಲ್ಮೆಟ್ ನೋಡಿ ಸ್ವಿಗ್ಗಿಯವನ ಹೆಸರು ಹೇಳಿದ ಹಾಗೆ. ಪೊಕಾಕನೂ ಬೆನ್ನು ಬಿಟ್ಟು ಕಾಲುಗಳ ತಳಭಾಗ ನೋಡಿದ್ದ. ಕೆಳಗಡೆಯ ಹಳದಿ, ಕಪ್ಪು, ಬಿಳಿ ಪಟ್ಟಿಗಳ ಜೋಡಣೆ ಒಂದೊಂದು ಪ್ರಭೇದದಲ್ಲಿ ಒಂದೊಂದು ಥರ.

ಹಾಗಂತ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಬೇಡ ಅಂತ ಮೊದಲು ಹೇಳಿದೆ. ಮೆಕ್ಸಿಕೊ ಕಡೆಯ ಟರಾಂಟುಲಾಗಳು ಹೊಟ್ಟೆಯ ಮೇಲಿನ ತುರಿಕೆ ಕೂದಲನ್ನು ಉದುರಿಸಿ ಎದುರಾಳಿಯನ್ನು ಓಡಿಸುತ್ತವೆ. ನಮ್ಮ ಕಡೆಯವಕ್ಕೆ ಆ ಕೂದಲಿಲ್ಲ, ಅವು ಸೀದಾ ಕಚ್ಚುತ್ತವೆ. ಪೊಯಿಸಿಲೋಥೀರಿಯಾ ಕಚ್ಚಿದರೆ ಸ್ನಾಯುಗಳು ಹಿಡಿದುಕೊಂಡು ದಿನಗಟ್ಟಲೆ ನೋಯುವುದು ವೈದ್ಯಕೀಯ ದಾಖಲೆಗಳಲ್ಲೇ ಇದೆ. ಚೀಟಿ ತಪ್ಪಾದರೆ ಬರುವ ಮೊದಲ ಅಪಾಯ ಇದು, ಸಾಧು ಜಾತಿ ಅಂತ ಬರೆದ ಡಬ್ಬಿಯೊಳಗೆ ಕೈ ಹಾಕಿ ಬಿಡ್ತಾರೆ.

ಸುಲಭದ ದಾರಿ, ಅದು ಗಾಜಿನ ಮೇಲೆ ಹತ್ತುವವರೆಗೆ ಕಾಯೋದು. ಎರಡು ರಾತ್ರಿ ಕಾದು ಅವನು ಹೊಟ್ಟೆಯ ಕೆಳಭಾಗದ ಫೋಟೊ ತೆಗೆದ. ಕಪ್ಪು ಹೊಟ್ಟೆಗೆ ಅಡ್ಡಲಾಗಿ ಕೆನೆ ಬಣ್ಣದ ಒಂದು ಅಗಲ ಪಟ್ಟಿ. ಅದು ಪೊಯಿಸಿಲೋಥೀರಿಯಾ ರೆಗಾಲಿಸ್‌ನ ಗುರುತು. ಮೈಸೂರಿನ ಹೆಸರಿನದಲ್ಲ, ಅದರ ಅಕ್ಕತಂಗಿ.

ಪೊರೆ ಸಿಕ್ಕರೆ ಇನ್ನೂ ಗಟ್ಟಿಯಾಗುತ್ತದೆ. ಟರಾಂಟುಲಾ ಬೆನ್ನ ಮೇಲೆ ಮಲಗಿ ಪೊರೆ ಬಿಡುತ್ತದೆ, ಗೊತ್ತಿಲ್ಲದವರು ಸತ್ತಿತು ಅಂತ ಎಸೆದದ್ದೂ ಉಂಟು. ಬಿಟ್ಟ ಪೊರೆಯಲ್ಲಿ ಹೊಟ್ಟೆಯ ಭಾಗ ಒದ್ದೆ ಕಾಗದದ ಹಾಗೆ ಮುದುಡಿರುತ್ತದೆ. ಅದನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ನೆನೆಸಿ, ಮೆತ್ತಗಿನ ಬ್ರಷ್ಷಿನಲ್ಲಿ ಬಿಡಿಸಬೇಕು. ಒಳಮೈಯಲ್ಲಿ ನಾಲ್ಕು ಬಿಳಿ ಕಲೆ ಕಾಣುತ್ತದೆ, ಅವು ಉಸಿರಾಟದ ಪುಸ್ತಕ ಶ್ವಾಸಕೋಶಗಳು. ಮುಂದಿನ ಎರಡರ ನಡುವೆ, ಹೆಣ್ಣಾಗಿದ್ದರೆ, ವೀರ್ಯ ಕೂಡಿಡುವ ಪುಟ್ಟ ಚೀಲದ ಅಚ್ಚು ಇರುತ್ತದೆ. ಇದರ ಆಕಾರ ನೋಡಿಯೇ ತಜ್ಞರು ಕುಲ ತೀರ್ಮಾನ ಮಾಡೋದು. ಪೊಯಿಸಿಲೋಥೀರಿಯಾದಲ್ಲಿ ಅದು ಒಂದೇ ಅಗಲದ ಹಾಳೆ. ಬಿಲ ತೋಡುವ ಎಷ್ಟೋ ಜಾತಿಗಳಲ್ಲಿ ಎರಡು ಬೇರೆ ಬೇರೆ ಚೀಲ. ಜೀವಂತ ಜೇಡವನ್ನು ಮುಟ್ಟದೆ, ಕೊಲ್ಲದೆ ಸಿಗುವ ಸಾಕ್ಷಿ ಇದು. ಗೆಳೆಯನ ಜೇಡ ಆಮೇಲೆ ಪೊರೆ ಬಿಟ್ಟಿತು. ಹೆಣ್ಣು, ಒಂದೇ ಹಾಳೆ.

ತಪ್ಪು ಚೀಟಿ ಹಚ್ಚಿದ ಆ ರೂಮ್‌ಮೇಟ್‌ನನ್ನು ನಾನು ಬೈಯೋದಿಲ್ಲ. ಜಗತ್ತಿನ ಅತಿ ಪ್ರಸಿದ್ಧ ಸಾಕು ಟರಾಂಟುಲಾ, ಮೊಣಕಾಲು ಕೆಂಪಗಿರುವ ಮೆಕ್ಸಿಕೊದ ಜೇಡ, ದಶಕಗಟ್ಟಲೆ ಬ್ರಾಕಿಪೆಲ್ಮಾ ಸ್ಮಿತೈ ಅನ್ನುವ ಹೆಸರಲ್ಲಿ ಮಾರಾಟವಾಯಿತು. 2017ರಲ್ಲಿ ಮೆಕ್ಸಿಕೊದ ಮೆಂಡೋಜಾ ಮತ್ತು ಫ್ರಾಂಕೆ ಡಿಎನ್‌ಎ ಸಮೇತ ನೋಡಿದರೆ, ಜನರ ಮನೆಯಲ್ಲಿದ್ದದ್ದು ಹೆಚ್ಚಾಗಿ ಹಮೋರಿ ಅನ್ನುವ ಬೇರೆಯೇ ಪ್ರಭೇದ. ನಿಜವಾದ ಸ್ಮಿತೈ ಇನ್ನೊಂದು ಹೆಸರಿನ ಡಬ್ಬಿಯಲ್ಲಿತ್ತು! ಸರ್ಕಾರಿ ಕಾಗದಗಳಲ್ಲೂ ಹೀಗಾಗುತ್ತದೆ. 2021ರ ಜುಲೈಯಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಪಾರ್ಸೆಲ್ಲಿನಲ್ಲಿ 107 ಜೀವಂತ ಜೇಡ ಹಿಡಿದರು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳಲ್ಲಿ, ಬೆಳ್ಳಿ ಹಾಳೆ ಮತ್ತು ಹತ್ತಿಯಲ್ಲಿ ಸುತ್ತಿದ್ದು. ತಜ್ಞರನ್ನು ಕರೆಸಿ ಜಾತಿ ಗುರುತಿಸಿದ್ದೂ ಆಯಿತು. ಸುದ್ದಿಯಲ್ಲಿ ಬಂದ ಹೆಸರು ‘ಫೋನೋಪೆಲ್ಮಾ’. ಅಂಥ ಕುಲ ಇಲ್ಲ, ಇರೋದು ಆಫೋನೋಪೆಲ್ಮಾ. ಒಂದಕ್ಷರ ಎಲ್ಲೋ ದಾರಿಯಲ್ಲಿ ಉದುರಿತ್ತು.

ಒಂದಕ್ಷರ ಹೋದರೆ ಏನೀಗ ಅನ್ನಬೇಡಿ. ಕಾನೂನು ಓಡೋದೇ ಹೆಸರಿನ ಮೇಲೆ. 2019ರ ಜಿನೀವಾ ಸಭೆಯಲ್ಲಿ ಇಡೀ ಪೊಯಿಸಿಲೋಥೀರಿಯಾ ಕುಲವನ್ನು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ಇಡೀ ಕುಲವನ್ನೇ ಸೇರಿಸಿದ್ದಕ್ಕೆ ಒಂದು ಲಾಭ ಇದೆ, ಒಂದು ಪ್ರಭೇದದ ಚೀಟಿ ಇನ್ನೊಂದಕ್ಕೆ ಹಚ್ಚಿ ಪಾರಾಗೋದು ಕಷ್ಟ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಸೈಟಿಸ್ ಪಟ್ಟಿಯ ಜೀವಿಗಳೂ ಅದರೊಳಗೆ ಬಂದವು. ಅಂಥ ಜೀವಿ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು, 2024ರಲ್ಲಿ ಅದಕ್ಕೆ ನಿಯಮಗಳೂ ಬಂದಿವೆ. “ರೂಮ್‌ಮೇಟ್ ಬಿಟ್ಟುಹೋದ” ಅನ್ನೋದು ಉತ್ತರ ಅಲ್ಲ.

ಗೆಳೆಯನ ಎರಡನೇ ಪ್ರಶ್ನೆ ಉಳಿದಿತ್ತು, ಊರ ಕಾಡಿಗೆ ಬಿಡೋದಾ ಅಂತ. ರೆಗಾಲಿಸ್ ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡರಲ್ಲೂ ಇದೆ, ಹಾಗಾದರೆ ಬಿಟ್ಟರೇನು ಅಂತ ಅವನ ವಾದ. ಬೇಡ ಅಂದೆ. ಈ ಜೇಡದ ಅಜ್ಜಿ ಯಾವ ಕಾಡಿನವಳು ಅಂತ ಡಬ್ಬಿಯ ಮೇಲೆ ಬರೆದಿಲ್ಲ. ಡಬ್ಬಿಯಲ್ಲೇ ಹುಟ್ಟಿ ಬೆಳೆದದ್ದಾದರೆ ಸ್ಟ್ರಯಾಟಾ ಜೊತೆ ಬೆರಕೆಯಾಗಿರಲೂಬಹುದು, ಸಾಕುವವರ ನಡುವೆ ಅಂಥ ಮಿಶ್ರಣ ನಡೆದಿದೆ. ಗೇರುಸೊಪ್ಪದ ಮೇಲಿನ ಕಾಡಿಗೆ ಅದನ್ನು ಬಿಟ್ಟರೆ, ಮುಂದೆ ಅಲ್ಲಿ ಹುಡುಕುವವರಿಗೆ ನಾವೇ ಒಂದು ಗುತ್ತಿಯ ಸೌದೆ ರಾಶಿ ಮಾಡಿಕೊಟ್ಟ ಹಾಗಾಯಿತು. ಅದರ ಬದಲು ಊರಿಗೆ ಹೋದಾಗ ನಾಲ್ಕು ಪಥದ ಹೆದ್ದಾರಿಗೆ ಅಂತ ಭಟ್ಕಳದಿಂದ ಕುಮಟಾದವರೆಗೆ ಕಡಿದು ಹಾಕಿದ ಗುಡ್ಡಗಳ ಪಕ್ಕ, ಇನ್ನೂ ಕಡಿಯದೆ ಉಳಿದ ಹಳೆಯ ಮಣ್ಣಿನ ಧರೆಗಳನ್ನು ಟಾರ್ಚ್ ಹಿಡಿದು ನೋಡು ಅಂದೆ. ರೇಷ್ಮೆ ಮೆತ್ತಿದ ದುಂಡಗಿನ ಬಿಲದ ಬಾಯಿ ಕಂಡರೆ ಕೋಲು ಹಾಕಬೇಡ. ಫೋಟೊ ತೆಗೆ, ತಾರೀಖು ಮತ್ತು ಜಾಗ ನೋಟ್‌ಬುಕ್ಕಿನಲ್ಲಿ ಬರಿ, ಜೇಡಗಳ ಮೇಲೆ ಕೆಲಸ ಮಾಡುವವರಿಗೆ ಕಳಿಸು. ಇನ್‌ಸ್ಟಾಗ್ರಾಮಿಗೆ ಹಾಕಲೇಬೇಕಾದರೆ ಲೊಕೇಶನ್ ತೆಗೆದು ಹಾಕು, ‘ಉತ್ತರ ಕನ್ನಡ’ ಅಂದರೆ ಸಾಕು.

ರೆಗಾಲಿಸ್ ಈಗಲೂ ಬೆಂಗಳೂರಿನಲ್ಲೇ ಇದೆ. ಹೆಣ್ಣು ಜೇಡ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ ಅಂತ ಕೇಳಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ನೋಂದಣಿಯ ಕಾಗದಪತ್ರಕ್ಕೆ ಓಡಾಡುತ್ತಿದ್ದಾನೆ. ಪೊರೆಯನ್ನು ಒಣಗಿಸಿ ಕವರಿನಲ್ಲಿಟ್ಟು, ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದ್ದಾನೆ. ಪ್ರಭೇದ ಬರೆದಿದ್ದಾನೆ, ಪೊರೆ ಬಿಟ್ಟ ತಾರೀಖು ಬರೆದಿದ್ದಾನೆ, ಸಿಕ್ಕಿದ ಊರು ಅನ್ನುವಲ್ಲಿ ಒಂದು ಗೆರೆ ಎಳೆದಿದ್ದಾನೆ.